ಬ್ಯಾಕಪ್ ಆದ ಫೋಟೋ ಫೋನಿನಿಂದ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದಾ?

ಬೀದರಿನಲ್ಲಿ ಬಿದ್ರಿ ಸಾಮಾನಿನ ಅಂಗಡಿ, 64 ಜಿಬಿ ಫೋನು, ದಿನಾ 'ಸ್ಟೋರೇಜ್ ಫುಲ್' ಅನ್ನುವ ಕಾಟ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದೆ (ಫೋಟೋಗಳ ಒಂದು ಪ್ರತಿ ಇಂಟರ್ನೆಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ, ಉಳಿಯುತ್ತದೆ), ಆದರೂ ಅಳಿಸೋಕೆ ಕೈ ಬರ್ತಿಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ ತಂಗಿಯ ಐಫೋನ್ ಬಗ್ಗೆಯೂ ಕೇಳಿದ್ದೀರಿ. ನಾನು ಕಲಬುರಗಿಯವನು. ನಮ್ಮ ನೆಂಟರಿಷ್ಟರ ಫೋನೆಲ್ಲ ಇದೇ ಕೆಲಸಕ್ಕೆ ನನ್ನ ಕೈಗೇ ಬರುತ್ತವೆ.

ನಿಮ್ಮ ಭಯ ಸುಳ್ಳಲ್ಲ. ಗೂಗಲ್ ಫೋಟೋಸ್ ಒಳಗೆ ಹೋಗಿ ಫೋಟೋ ಆರಿಸಿ ಸುಮ್ನೆ ಡಿಲೀಟ್ ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ ಹೋಗುತ್ತದೆ. ನಿಮಗೆ ಬೇಕಾದದ್ದು 'ಫ್ರೀ ಅಪ್ ಸ್ಪೇಸ್'. ಆ್ಯಪ್‌ನಲ್ಲಿ ಮೇಲೆ ಬಲಗಡೆ ಇರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಸಿಗುತ್ತದೆ. ಅದು ಬ್ಯಾಕಪ್ ಆದದ್ದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ, ಕ್ಲೌಡ್‌ನದ್ದನ್ನು ಮುಟ್ಟೋದಿಲ್ಲ. ನಾಲ್ಕೈದೇ ಫೋಟೋ ತೆಗೆಯಬೇಕಿದ್ದರೆ 'ಡಿಲೀಟ್ ಫ್ರಮ್ ಡಿವೈಸ್' ಅಂತ ಬೇರೆಯೇ ಆಯ್ಕೆ ಇದೆ. ಅಕಸ್ಮಾತ್ ತಪ್ಪು ಬಟನ್ ಒತ್ತಿದರೂ ಬ್ಯಾಕಪ್ ಆಗಿದ್ದ ಫೋಟೋ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ವಾಪಸ್ ತರಬಹುದು.

ಆದರೆ ಬಟನ್‌ಗಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಕಡೆ ಹೊಸ ಫೋನ್ ತಗೊಂಡರೆ ಎಷ್ಟೋ ಸಲ ಅಂಗಡಿಯ ಹುಡುಗನೇ ಒಂದು ಜಿಮೇಲ್ ಮಾಡಿ ಕೊಟ್ಟುಬಿಡುತ್ತಾನೆ, ಅಲ್ವಾ? ನಮ್ಮ ಕಾಕಾನ ಫೋನಿನಲ್ಲೂ ಹಾಗೇ ಆಗಿತ್ತು. ಹೊಲ, ತೊಗರಿ ಚೀಲ, ಅಡತಿ ಚೀಟಿ, ಮೊಮ್ಮಗಳ ಜವಳ, ಎಲ್ಲದರ ಫೋಟೋ ಚೆನ್ನಾಗಿಯೇ ಬ್ಯಾಕಪ್ ಆಗಿದ್ದವು. ಪಾಸ್‌ವರ್ಡ್ ಕೇಳಿದರೆ "ಅದೇನೋ ಆ ಹುಡುಗಗೇ ಗೊತ್ತು ತಮ್ಮಾ" ಅಂದರು. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯೋಕೆ ಕೊಡುವ ರಿಕವರಿ ನಂಬರ್ ನೋಡಿದರೆ ಕೊನೆಯ ಎರಡು ಅಂಕಿ ಮನೆಯವರ ಯಾರ ನಂಬರಿಗೂ ಹೊಂದಲಿಲ್ಲ. ಆ ಸ್ಥಿತಿಯಲ್ಲಿ ಫೋನಿನದ್ದನ್ನೆಲ್ಲ ತೆಗೆದುಬಿಟ್ಟು, ಆಮೇಲೆ ಫೋನೇ ಕಳೆದುಹೋದರೆ? ಫೋಟೋ ಕ್ಲೌಡ್‌ನಲ್ಲಿರುತ್ತವೆ, ಒಳಗೆ ಹೋಗೋಕೆ ಬೀಗದ ಕೈ ಇರೋದಿಲ್ಲ.

ಅದಕ್ಕೇ ಜಾಗ ಖಾಲಿ ಮಾಡುವ ಮುಂಚೆ ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅದೇ ಜಿಮೇಲ್ ಹಾಕಿ ಗೂಗಲ್ ಫೋಟೋಸ್ ತೆಗೆದು ನೋಡಿ. ಹಳೆಯ ಫೋಟೋ, ನಿನ್ನೆಯ ಫೋಟೋ ಎರಡೂ ಕಾಣಬೇಕು. ಎರಡು ಜಿಮೇಲ್ ಇದ್ದರೆ ಯಾವುದಕ್ಕೆ ಬ್ಯಾಕಪ್ ಹೋಗುತ್ತಿದೆ ಅನ್ನೋದೂ ಆಗ ಗೊತ್ತಾಗುತ್ತದೆ. ರಿಕವರಿ ನಂಬರ್ ನಿಮ್ಮದೇ ಇರಲಿ.

ವಾಟ್ಸಾಪ್ ಫೋಟೋಗಳು ತಾವಾಗಿ ಬ್ಯಾಕಪ್ ಆಗೋದಿಲ್ಲ. ಆ ಫೋಲ್ಡರನ್ನು ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿ ಆನ್ ಮಾಡಬೇಕು. ನನ್ನ ಕೇಳಿದರೆ ಮಾಡಲೇಬೇಡಿ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳಿಗೆ ಕ್ಲೌಡ್ ಯಾಕೆ? ಗಿರಾಕಿಗಳು ಕಳಿಸಿದ ಡಿಸೈನ್ ಇದ್ದರೆ ಅಷ್ಟನ್ನು ಆರಿಸಿ ಬ್ಯಾಕಪ್ ಮಾಡಿ. ಉಳಿದದ್ದನ್ನು ವಾಟ್ಸಾಪ್‌ನ 'ಮ್ಯಾನೇಜ್ ಸ್ಟೋರೇಜ್'ನಲ್ಲಿ ದೊಡ್ಡ ವಿಡಿಯೋದಿಂದ ಶುರು ಮಾಡಿ ತೆಗೆದುಹಾಕಿ.

ಕ್ಲೌಡ್‌ನಲ್ಲೂ ಪುಕ್ಕಟೆ ಸಿಗೋದು 15 ಜಿಬಿ ಮಾತ್ರ. ಫೋಟೋ, ಜಿಮೇಲ್, ಡ್ರೈವ್ ಎಲ್ಲಾ ಅದರಲ್ಲೇ. 2021ರ ಜೂನ್ 1ಕ್ಕೆ ಮುಂಚೆ 'ಹೈ ಕ್ವಾಲಿಟಿ'ಯಲ್ಲಿ (ಈಗ ಅದರ ಹೆಸರು 'ಸ್ಟೋರೇಜ್ ಸೇವರ್') ಏರಿಸಿದ ಫೋಟೋ ಆ ಲೆಕ್ಕಕ್ಕೆ ಬರೋದಿಲ್ಲ, ಆಮೇಲಿನದ್ದೆಲ್ಲ ಬರುತ್ತದೆ. ತುಂಬಿದರೆ ಮೇಲ್ ಬರೋದೂ ನಿಲ್ಲುತ್ತದೆ. ಗಿರಾಕಿಗಳ ಆರ್ಡರ್ ಮೇಲ್‌ನಲ್ಲಿ ಬರುವುದಾದರೆ ಇದು ಸಣ್ಣ ವಿಷಯ ಅಲ್ಲ. ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಸೇವರ್' ಇಟ್ಟರೆ ಫೋಟೋವನ್ನು ಕುಗ್ಗಿಸಿ ಚಿಕ್ಕದು ಮಾಡುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಅಷ್ಟಕ್ಕೇ ಇಳಿಸುತ್ತದೆ. ಮನೆಯ ಫೋಟೋಗಳಿಗೆ ಅದು ಧಾರಾಳ ಸಾಕು. ಆದರೆ ಕಪ್ಪು ಹೂಜಿಯ ಮೇಲಿನ ಬೆಳ್ಳಿ ತಂತಿಯ ಕೆಲಸವನ್ನು ಗಿರಾಕಿ ದೊಡ್ಡದು ಮಾಡಿ ನೋಡುತ್ತಾನೆ. ಆ ಫೋಟೋಗಳ ಮೂಲ ಪ್ರತಿ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ತಂಗಿಯ ಐಫೋನ್‌ಗೆ ಈ ಲೆಕ್ಕ ಹಾಕಬೇಡಿ. ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋನಿನಲ್ಲಿ ಅಳಿಸಿದ್ದು ಐಕ್ಲೌಡ್‌ನಿಂದಲೂ ಹೋಗುತ್ತದೆ. ಅಲ್ಲಿ ಅಳಿಸೋದೇ ಬೇಡ, ಸೆಟ್ಟಿಂಗ್ಸ್‌ನಲ್ಲಿ 'ಆಪ್ಟಿಮೈಜ್ ಐಫೋನ್ ಸ್ಟೋರೇಜ್' ಆನ್ ಮಾಡಿ. ದೊಡ್ಡ ಫೈಲ್ ಐಕ್ಲೌಡ್‌ನಲ್ಲಿ ಉಳಿದು, ಜಾಗ ಬೇಕಾದಾಗ ಫೋನಿನಲ್ಲಿ ಚಿಕ್ಕ ಪ್ರತಿ ಮಾತ್ರ ಇರುತ್ತದೆ. ಅಲ್ಲಿ ಪುಕ್ಕಟೆ ಇರೋದು 5 ಜಿಬಿ, ಹಾಗಾಗಿ ಮೊದಲು ಅದರಲ್ಲಿ ಜಾಗ ಇದೆಯಾ ನೋಡಿಕೊಳ್ಳಲಿ.