ಮಗಳ ಫೋನನ್ನು ಬಾವಿಗೆ ಹಾಕಬೇಡಿ, ಅಕ್ಕ

ಬಂಗಾರಪೇಟೆ ತಾಲ್ಲೂಕಿನ ಓದುಗರೊಬ್ಬರು ಎರಡು ಹಾಳೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದಲ್ಲಿ ಇರುವುದು ಇಷ್ಟು. ಮಗಳು ನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ. ಮಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ಡೆಲಿವರಿ ಮಾಡುತ್ತಾನೆ. ಮಗಳು ಮನೆಗೆ ಬಂದರೆ ಮುಸುಕು ಹೊದ್ದು ಫೋನು ನೋಡುತ್ತಾಳೆ. ಮಗ ಈ ಸಲ ಹೊಸತೊಡಕಿಗೂ ಬರಲಿಲ್ಲ. “ಈ ಹಾಳು ಫೋನು ನನ್ನ ಮಕ್ಕಳನ್ನು ತಿಂದುಹಾಕಿತು. ಕಿತ್ತು ಬಾವಿಗೆ ಹಾಕಿಬಿಡಲಾ?” ಎಂದು ಕೇಳಿದ್ದಾರೆ.

ಅಕ್ಕ,

ನಿಮಗೆ ಐವತ್ತಾರು ಎಂದು ಬರೆದಿದ್ದೀರಿ. ನಾನು ಎರಡು ವರ್ಷ ಚಿಕ್ಕವನು, ಹಾಗಾಗಿ ಅಕ್ಕ ಎಂದೇ ಕರೆಯುತ್ತೇನೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಫೋನನ್ನು ಬಾವಿಗೆ ಹಾಕಬೇಡಿ.

ನನ್ನ ಅಪ್ಪ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಯಂತ್ರದ ಹೊತ್ತಿಗೆ ಬದುಕುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದಿದ್ದೇ ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅಪ್ಪನಿಗೂ ಪಾಳಿ ಇತ್ತು, ರಾತ್ರಿ ಕೆಲಸವೂ ಇತ್ತು. ಆದರೆ ಸೈರನ್ ಕೂಗಿದರೆ ಕಾರ್ಮಿಕರ ಮನೆಗಳ ಇಡೀ ಲೈನು ಏಳುತ್ತಿತ್ತು. ಅಪ್ಪ ಹಗಲು ಮಲಗಿದ್ದರೆ ಪಕ್ಕದ ಮನೆಯವರೂ ಮಲಗಿರುತ್ತಿದ್ದರು. ಮಕ್ಕಳು ಗಲಾಟೆ ಮಾಡಿದರೆ ಯಾರ ಅಮ್ಮ ಬೇಕಾದರೂ ಗದರುತ್ತಿದ್ದರು. ಪಾಳಿ ಮುಗಿಸಿ ಬಂದವರಿಗೆ ಜಗಲಿಯ ಮೇಲೆ ಕೂತು ಮಾತಾಡಲು ನಾಲ್ಕು ಜನ ಸಿಗುತ್ತಿದ್ದರು. ಪಾಳಿ ಎಲ್ಲರದ್ದೂ ಆಗಿತ್ತು.

ನಿಮ್ಮ ಮಗಳ ಪಾಳಿ ಅವಳೊಬ್ಬಳದ್ದು. ಒಂದು ವಾರ ಬೆಳಗ್ಗೆ ಐದಕ್ಕೇ ಕಂಪನಿ ಬಸ್ಸು, ಇನ್ನೊಂದು ವಾರ ರಾತ್ರಿ ಹನ್ನೊಂದೂವರೆಗೆ ಮನೆ ಎಂದಿದ್ದೀರಿ. ಅವಳು ಬಂದಾಗ ನೀವು ಮಲಗಿರುತ್ತೀರಿ. ನೀವು ಹೊಲಕ್ಕೆ ಹೋಗುವಾಗ ಅವಳು ಮಲಗಿರುತ್ತಾಳೆ. ಅವಳ ಗೆಳತಿಯರಲ್ಲಿ ಒಬ್ಬಳದ್ದು ಬೇರೆ ಪಾಳಿ, ಒಬ್ಬಳು ಮದುವೆಯಾಗಿ ಹೊಸಕೋಟೆಯಲ್ಲಿದ್ದಾಳೆ. ಹನ್ನೊಂದೂವರೆಗೆ ಅವಳ ಜೊತೆ ಮಾತಾಡಲು ಎಚ್ಚರ ಇರುವುದು ಯಾರು ಹೇಳಿ? ಫೋನೊಂದೇ ಅಲ್ವಾ?

ಹಾಗಂತ ಫೋನು ಸಾಧು ಎಂದು ನಾನು ಹೇಳುತ್ತಿಲ್ಲ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ಬರುವಂತೆ ಅದನ್ನು ಮಾಡಿದ್ದಾರೆ. ನೀವೂ ರಾತ್ರಿ ಒಂದು ಗಂಟೆ ಹೊತ್ತು ಅಡುಗೆ ವಿಡಿಯೋ ನೋಡುತ್ತೀರಿ ಎಂದು ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದನ್ನು ಓದಿ ನಿಮ್ಮ ಮೇಲೆ ಗೌರವ ಜಾಸ್ತಿಯಾಯಿತು. ಆದರೆ ಮನೆಯ ಮಾತು ನಿಂತಿದ್ದಕ್ಕೆ ಫೋನಿಗಿಂತ ಮೊದಲು ಕೆಲಸದ ಹೊತ್ತನ್ನು ನೋಡಿ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತು. ದಿನಕ್ಕೆ 12 ಗಂಟೆಯವರೆಗೂ ಕೆಲಸ ಮಾಡಿಸಬಹುದು, ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯನ್ನೂ ಕೊಡಬಹುದು ಎಂದಾಯಿತು. ಆದರೆ ಕೆಲಸಗಾರರು ಒಪ್ಪಬೇಕು, ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ, ಬಿಟ್ಟು ವಾರಕ್ಕೆ 48 ಗಂಟೆ ಮೀರಬಾರದು. ಒಪ್ಪಿಗೆ ಬರೆದುಕೊಟ್ಟಿದ್ದೀಯಾ ಎಂದು ಮಗಳನ್ನು ಕೇಳಿ. ಗದರಿ ಕೇಳಬೇಡಿ. ತಟ್ಟೆಗೆ ಮುದ್ದೆ ಹಾಕುತ್ತಾ ಕೇಳಿ.

ಇನ್ನು ಕಂತಿನ ವಿಷಯ. ಇಪ್ಪತ್ನಾಲ್ಕು ಸಾವಿರದ ಫೋನು, ತಿಂಗಳಿಗೆ ಎರಡು ಸಾವಿರ, ‘ಬಡ್ಡಿ ಇಲ್ಲ’ ಎಂದು ಕೊಟ್ಟಿದ್ದಾರೆ ಎಂದು ಬರೆದಿದ್ದೀರಿ. ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಆ ದುಡ್ಡು ಪ್ರೊಸೆಸಿಂಗ್ ಫೀಸಿನಲ್ಲೋ, ಕೈಗೆ ಸಿಗದೆ ಹೋದ ಡಿಸ್ಕೌಂಟಿನಲ್ಲೋ ಸೇರಿರುತ್ತದೆ. ನನಗೆ ಅದಕ್ಕಿಂತ ಚಿಂತೆ ಬೇರೆ. ನಿಮ್ಮೂರ ಅಂಗಡಿಯಲ್ಲಿ ಸಾಲ ಬರೆಸಿದರೆ, ಟೊಮೆಟೊಗೆ ರೇಟು ಬೀಳದ ತಿಂಗಳು “ಮುಂದಿನ ಕೊಯ್ಲಿಗೆ ಕೊಡ್ತೀನಣ್ಣ” ಎನ್ನಬಹುದು. ನಮ್ಮ ಜಿಲ್ಲೆಯ ರೈತರಿಗೆ ಆ ಮಾತು ಎಷ್ಟು ಬೇಕು ಎಂದು ನಿಮಗೆ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ನಾವು ನೋಡಿದ್ದೇವೆ. ಬ್ಯಾಂಕಿನ ಕಂತಿಗೆ ಅದೆಲ್ಲ ಗೊತ್ತಿಲ್ಲ. ತಾರೀಕು ಬಂದರೆ ಖಾತೆಯಿಂದ ದುಡ್ಡು ಹೋಗುತ್ತದೆ. ಇಲ್ಲದಿದ್ದರೆ ಬೌನ್ಸ್ ಚಾರ್ಜು. ಕಂತು ತಲೆಯ ಮೇಲಿರುವ ಹುಡುಗಿಗೆ “ಈ ವಾರ ಓಟಿ ಬೇಡ ಸಾರ್” ಎನ್ನಲು ಬಾಯಿ ಬರುವುದಿಲ್ಲ. ಫೋನು ಕಟ್ಟಿಹಾಕಿರುವುದು ಇಲ್ಲಿ.

ಮಗನಿಗೂ ಬೈಕಿನ ಸಾಲ ಇದೆ. ಹೊಸತೊಡಕಿಗೆ ಅವನು ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ಹಬ್ಬ, ಭಾನುವಾರ, ಮಳೆ ಬಂದ ಸಂಜೆ, ಈ ಹೊತ್ತಿನಲ್ಲೇ ಆರ್ಡರ್ ಜಾಸ್ತಿ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಎಂದು ಆ್ಯಪ್ ತೋರಿಸುತ್ತದೆ. ನಡುವೆ ಲಾಗೌಟ್ ಆದರೆ ಅದು ಕೈತಪ್ಪುತ್ತದೆ. ನೀವು ಮನೆಯಲ್ಲಿ ಅವನ ಪಾಲಿನ ಬಾಡಿನ ಸಾರು ಮುಚ್ಚಿಟ್ಟು ಕಾಯುತ್ತಿದ್ದಾಗ, ಅವನು ಯಾರದ್ದೋ ಮನೆಗೆ ಬಿರಿಯಾನಿ ಹೊತ್ತು ಮೂರನೇ ಮಹಡಿ ಹತ್ತುತ್ತಿದ್ದ. ಇದನ್ನು ಬರೆಯುವಾಗ ನನಗೂ ಗಂಟಲು ಕಟ್ಟಿತು. ಅವನಿಗೆ ಅಮ್ಮ ಬೇಡವಾಗಿಲ್ಲ, ಅಕ್ಕ.

ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಲು ನನಗೆ ಸರಿ ಬರಲಿಲ್ಲ. ಹೆಣ್ಣಿನ ಕಡೆಯವರು ಮಗನ ಕೆಲಸ ಏನೆಂದು ಕೇಳಿದಾಗ “ಬೆಂಗಳೂರಲ್ಲಿ ಕಂಪನಿ ಕೆಲಸ” ಎಂದುಬಿಟ್ಟೆ ಎಂದಿದ್ದೀರಿ. ಹಾಗೆ ಹೇಳಬೇಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ಅಪ್ಪ, ಯಾರಾದರೂ ಕೇಳಿದರೆ, “ಮೈನಿಂಗಲ್ಲಿ ಫಿಟ್ಟರ್” ಎಂದೇ ಹೇಳುತ್ತಿದ್ದರು. ಹೇಳಿಕೊಳ್ಳಲು ಅವರಿಗೆ ಒಂದು ಹೆಸರಿತ್ತು. ನಿಮ್ಮ ಮಗನನ್ನು ಆ್ಯಪ್‌ನವರು ‘ಪಾರ್ಟ್ನರ್’ ಎನ್ನುತ್ತಾರೆ. ಕೆಲಸಗಾರ ಎಂದು ಒಪ್ಪಿದರೆ ರಜೆ, ಪಿಎಫ್ ಎಲ್ಲ ಕೇಳಿಬಿಡುತ್ತಾನಲ್ಲ. ಅವರು ಅವನ ಕೆಲಸಕ್ಕೆ ಹೆಸರು ಕೊಡಲಿಲ್ಲ. ಅಮ್ಮನೂ ಮುಚ್ಚಿಟ್ಟರೆ ಅವನು ಊರಿಗೆ ಯಾವ ಮುಖ ಹೊತ್ತು ಬರಬೇಕು? ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ಒಂದು ದಿನ ಬೆಂಗಳೂರಿಗೆ ಹೋಗಿ ನೋಡಿ. ಬಾಗಿಲಲ್ಲಿ ಜೋತುಬಿದ್ದು ಹೋಗುವ ಮಕ್ಕಳೆಲ್ಲ ದುಡಿದು ಮನೆ ನಡೆಸುವವರೇ.

ಅವನಿಗೆ ಒಂದು ಸುದ್ದಿ ಮುಟ್ಟಿಸಿ. ಅವನಂತೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ. ಅವರಿಗಾಗಿ ಮಂಡಳಿ, ಪ್ರತಿ ವಹಿವಾಟಿಗೆ ಕೆಲಸಗಾರನಿಗೆ ಕೊಡುವ ದುಡ್ಡಿನ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಎಲ್ಲ ಅದರಲ್ಲಿದೆ. ಕಾರಣ ಹೇಳದೆ ಸುಮ್ನೆ ಐಡಿ ಬ್ಲಾಕ್ ಮಾಡುವಂತಿಲ್ಲ, ಕೆಲಸದಿಂದ ತೆಗೆಯಲು 14 ದಿನ ಮೊದಲೇ ತಿಳಿಸಬೇಕು. ಹೆಸರು ನೋಂದಾಯಿಸಿದ್ದಾನಾ ಎಂದು ಕೇಳಿ. ನೀವು ಅವನ ಕೆಲಸದ ಬಗ್ಗೆ ಇಷ್ಟು ವಿಚಾರಿಸಿದರೆ ಅವನಿಗೇ ಆಶ್ಚರ್ಯವಾಗಬಹುದು.

ನಮ್ಮ ಕಾಲವೇ ಚೆನ್ನಾಗಿತ್ತು ಎಂದಿದ್ದೀರಿ. ಆದರೆ ನಿಮ್ಮ ಮದುವೆ ಹದಿನೇಳಕ್ಕೆ ಆಯಿತು, ಯಾರೂ ನಿಮ್ಮನ್ನು ಕೇಳಲಿಲ್ಲ ಎಂದು ಅದೇ ಪತ್ರದಲ್ಲಿ ಇದೆ. ನಿಮ್ಮ ಮಗಳಿಗೆ ಇಪ್ಪತ್ಮೂರು. ಅವಳ ಹೆಸರಲ್ಲಿ ಬ್ಯಾಂಕ್ ಖಾತೆ ಇದೆ, ಬರುವ ಗಂಡುಗಳನ್ನು ಬೇಡ ಎನ್ನುವ ಧೈರ್ಯವಿದೆ. ಅದೂ ಇದೇ ಫ್ಯಾಕ್ಟರಿ ಸಂಬಳದಿಂದಲೇ ಬಂದಿದ್ದು. ಅದನ್ನು ಕಳೆದುಕೊಳ್ಳುವುದು ಬೇಡ.

ಫೋನಿನ ಕಂತು ದೀಪಾವಳಿಗೆ ಮುಗಿಯುತ್ತದೆ ಎಂದಿದ್ದೀರಿ. ಅಷ್ಟರೊಳಗೆ ಹೊಸ ಮಾಡೆಲ್ ತಗೋ ಎಂದು ಮೆಸೇಜುಗಳು ಶುರುವಾಗುತ್ತವೆ. ಅವಳಿಗೆ ವಾರದ ರಜೆ ಇರುವ ದಿನ ನೀವೂ ಹೊಲಕ್ಕೆ ಹೋಗಬೇಡಿ. ಅವಳ ಪಕ್ಕ ಕೂತು ಆ ಅಡುಗೆ ವಿಡಿಯೋ ಇಬ್ಬರೂ ನೋಡಿ, ಅದರಲ್ಲಿ ಒಂದನ್ನು ಮಾಡಿ. ತಿನ್ನುತ್ತಾ ಕೇಳಿ: ಕಂತು ಮುಗಿದ ಮೇಲೆ ಆ ಎರಡು ಸಾವಿರದಲ್ಲಿ ಏನು ಮಾಡೋಣ ಮಗಳೇ?

ಅವಳು ಏನೆಂದಳು ಎಂದು ನನಗೆ ಬರೆಯಿರಿ.

– ಸಂಪಾದಕ