ಉಳಿದ ಅನ್ನ ಯಾರು ಉಣ್ಣಬೇಕು?

ಪ್ರಶ್ನೆ: ನನಗೆ 46 ವರ್ಷ. ಶುಗರ್ ಬಂದು ಆರು ವರ್ಷ ಆತು. ಅನ್ನ ಕಡಿಮೆ ಮಾಡ್ರಿ, ವಾಕಿಂಗ್ ಮಾಡ್ರಿ ಅಂತಾರ ಡಾಕ್ಟ್ರು. ಮನ್ಯಾಗ ಏಳು ಮಂದಿ. ನನಗೊಬ್ಬಾಕಿಗೆ ಬ್ಯಾರೆ ಅಡಿಗಿ ಮಾಡ್ಕೊಳ್ಳಾಕ ಮನಸ್ಸು ಬರಂಗಿಲ್ಲ. ಮುಂಜಾನೆ ವಾಕಿಂಗ್ ಹೊಂಟ್ರ ಓಣ್ಯಾಗ ಆಡ್ಕೋತಾರ. ‘ನಿನಗ ಮನಸ್ಸು ಗಟ್ಟಿ ಇಲ್ಲ’ ಅಂತ ಮಗ ಬೈತಾನ. ಏನ್ ಮಾಡ್ಲಿ?
– ಓದುಗರು, ಸಿಂಧನೂರು

ಉತ್ತರ: ಅಕ್ಕಾ, ಏಳು ಮಂದಿಯ ಮನೆ ನಡೆಸುವವರಿಗೆ ಮನಸ್ಸು ಗಟ್ಟಿ ಇಲ್ಲ ಅನ್ನುವುದು ಅನ್ಯಾಯ. ನಮ್ಮ ಊಟವನ್ನೂ ನಡಿಗೆಯನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಮನೆಯ ಅಡುಗೆ, ಉಣ್ಣುವ ಸರದಿ, ಓಣಿಯ ಮಾತು. ಅದಕ್ಕೇ ಸಕ್ಕರೆ ಕಾಯಿಲೆಯ ಹೆಣ್ಣುಮಕ್ಕಳು ನನ್ನ ಬಳಿ ಬಂದಾಗ ನಾನು ಮೊದಲು ಕೇಳುವುದು, ‘ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು?’ ಸಾಮಾನ್ಯವಾಗಿ ಅವರೇ. ಅಷ್ಟೊತ್ತಿಗೆ ಪಲ್ಯ ಖಾಲಿ, ಬೋಗುಣಿಯ ತಳದಲ್ಲಿ ಅನ್ನ. ಚೆಲ್ಲಲು ಮನಸ್ಸಾಗದೆ ಸಾರು ಸುರಿದುಕೊಂಡು ಅಷ್ಟನ್ನೂ ಉಣ್ಣುತ್ತಾರೆ. ಆ ತಟ್ಟೆ ಬದಲಾಗದೆ ಗುಳಿಗೆಯೊಂದರಿಂದಲೇ ಸಕ್ಕರೆ ಇಳಿಸುವುದು ಕಷ್ಟ.

ಪುಂಡಿಪಲ್ಯವೋ ಹೆಸರುಕಾಳೋ ಒಲೆಯಿಂದ ಇಳಿದ ಕೂಡಲೇ ನಿಮ್ಮ ಪಾಲು ತೆಗೆದಿಡಿ. ಮೊದಲು ಪಲ್ಯ, ಕಾಳು, ಆಮೇಲೆ ರೊಟ್ಟಿ, ಅನ್ನ ಕೊನೆಗೆ, ಸ್ವಲ್ಪ. ಈ ಕ್ರಮದಲ್ಲಿ ಉಂಡರೆ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಬೇರೆ ಅಡುಗೆ ಬೇಕಿಲ್ಲ. ತುಂಗಭದ್ರೆಯ ಕಾಲುವೆ ನೀರು ಬಂದು ಭತ್ತ ಬೆಳೆಯುವ ಮುಂಚೆ ನಿಮ್ಮ ಸೀಮೆಯವರ ದಿನದ ಊಟ ಜೋಳವೇ ಆಗಿತ್ತು; ರಾತ್ರಿ ಮನೆಮಂದಿಗೆಲ್ಲ ರೊಟ್ಟಿ ಬಡಿಯಿರಿ. ಆದರೆ ಜೋಳವೂ ಸಕ್ಕರೆ ಏರಿಸುತ್ತದೆ, ‘ರೊಟ್ಟಿ ಎಷ್ಟಾದರೂ ಉಣ್ಣಬಹುದು’ ಎಂಬ ಮಾತು ನಂಬಬೇಡಿ. ಸಂಜೆಯ ಮಂಡಕ್ಕಿ ಒಗ್ಗರಣೆಯೂ ಅಕ್ಕಿಯದೇ.

ವಾಕಿಂಗಿಗೆ ಮುಂಜಾನೆಯೇ ಆಗಬೇಕೆಂದಿಲ್ಲ. ಊಟವಾದ ಮೇಲೆ ಮಾಳಿಗೆಯ ಮೇಲೆ 10–15 ನಿಮಿಷ ಓಡಾಡಿದರೂ ಸಕ್ಕರೆಗೆ ಒಳ್ಳೆಯದು. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಗುರಿಯಾಗಿರಲಿ, ನಿಧಾನವಾಗಿ ಮುಟ್ಟಿ. ಬರಿಗಾಲಲ್ಲಿ ಮಾತ್ರ ಬೇಡ: ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕಾದ ನೆಲ ಸುಟ್ಟರೂ ತಿಳಿಯುವುದಿಲ್ಲ.

ಅನ್ನ ಕಡಿಮೆ ಮಾಡುವ ಮುಂಚೆ ನಿಮ್ಮ ಡಾಕ್ಟರಿಗೆ ಹೇಳಿ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ಇದ್ದರೆ ಡೋಸ್ ಇಳಿಸಬೇಕಾಗಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದು ಸಕ್ಕರೆ ತೀರಾ ಇಳಿದ ಲಕ್ಷಣ; ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ.

ಇದನ್ನು ನಿಮ್ಮ ಮಗನಿಗೂ ಓದಿಸಿ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಅವನೂ ರಕ್ತ ಪರೀಕ್ಷೆ ಮಾಡಿಸಲಿ, ರಾತ್ರಿ ನಿಮ್ಮ ಜೊತೆ ನಡೆಯಲಿ.