ಕ್ಯಾಂಡಲ್ ಹಚ್ಚಿದರೆ ಘಮವೇ ಇಲ್ಲ ಅಂದಿರಲ್ಲ, ಅದಕ್ಕೆ

ನೀವು ಮಾಡಿದ ಕ್ಯಾಂಡಲ್ ಜಾಡಿಯ ಮುಚ್ಚಳ ತೆಗೆದರೆ ಮಲ್ಲಿಗೆ ಘಮ್ಮೆನ್ನುತ್ತೆ, ಹಚ್ಚಿದರೆ ಏನೂ ಇಲ್ಲ ಅಂದಿರಿ. ಮೇಣ ಸುರಿದ ಮರುದಿನವೇ ಹಚ್ಚಿದ್ದೀರಿ ಮೇಡಂ. ಸೋಯಾ ಎಣ್ಣೆಯಿಂದ ಮಾಡಿದ ಈ ಮೇಣಕ್ಕೆ ಆತುರ ಆಗಲ್ಲ. ಮುಚ್ಚಿಟ್ಟು ಎರಡು ವಾರ ಬಿಡಿ.

ಆಮೇಲೂ ಬರದಿದ್ದರೆ ಬತ್ತಿ ನೋಡಿ. ಮೂರು ಗಂಟೆ ಉರಿದರೂ ಗಾಜಿನ ಅಂಚಲ್ಲಿ ಬಿಳಿ ಮೇಣ ಗಟ್ಟಿಯಾಗೇ ನಿಂತು, ನಡುವೆ ಬಾವಿ ತೋಡಿದ ಹಾಗಿದ್ದರೆ ಬತ್ತಿ ಸಣ್ಣದಾಯ್ತು. ಮೇಣ ಅಗಲಕ್ಕೆ ಕರಗದೆ ಘಮ ಏಳೋದೆಲ್ಲಿಂದ? ಒಂದು ನಂಬರ್ ದಪ್ಪದ್ದು ಹಾಕಿ.

ಸುಗಂಧದ ಎಣ್ಣೆ ಮಾತ್ರ ಹೆಚ್ಚಿಸಬೇಡಿ. 200 ಗ್ರಾಂ ಮೇಣಕ್ಕೆ 16 ಗ್ರಾಂ ಸಾಕು. ತೂಕ ಹಾಕಿ, ಚಮಚದ ಲೆಕ್ಕ ಬೇಡ. ನಾನೊಮ್ಮೆ ಧಾರಾಳ ತೋರಿಸಿ, ಎಣ್ಣೆ ಮೇಲೆ ಬೆವರಿನಂತೆ ನಿಂತು ಹನ್ನೆರಡು ಜಾಡಿ ಹಾಳಾದವು.

ದೀಪಾವಳಿ ಆರ್ಡರ್ ಅಂದಿರಲ್ಲ, ಹಬ್ಬಕ್ಕೆ ಮೂರು ವಾರ ಮೊದಲೇ ಸುರಿದು ಮುಗಿಸಿ.